ಕಣಕಾಲಿನ ಹಳೇ ಬಿರುಕು ಮತ್ತೆ ನೋಯುವಾಗ

ಸ್ಟ್ರೆಸ್ ಫ್ರ್ಯಾಕ್ಚರ್ ಒಂದೇ ಏಟಿಗೆ ಆಗುವ ಮುರಿತವಲ್ಲ. ಕಾಲು ಜಾರಿರುವುದಿಲ್ಲ, ಬೈಕಿನಿಂದ ಬಿದ್ದಿರುವುದಿಲ್ಲ. ಒಂದೇ ಜಾಗದ ಮೇಲೆ ಸಾವಿರಾರು ಸಲ ಬಿದ್ದ ಭಾರಕ್ಕೆ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು ಮೂಡಿರುತ್ತದೆ. ದೂರದೂರ ಕವಾಯತು ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ಮೊದಲು ಬರೆದಿಟ್ಟ. ಒಳಗೆ ಎಲುಬೇ ಸೀಳಿದೆ ಎಂದು ತಿಳಿಯಲು ಅವನಿಗೆ ದಾರಿಯಿರಲಿಲ್ಲ. 1895ರಲ್ಲಿ ಎಕ್ಸ್-ರೇ ಬಂದ ಎರಡು ವರ್ಷಕ್ಕೆ ಆ ಗುಟ್ಟು ಒಡೆಯಿತು. ಹೊಸಪೇಟೆ, ಸಂಡೂರು, ಕಂಪ್ಲಿಯ ಕಡೆ ಇದು ಮೊದಲು 'ಉಳುಕು' ಅನ್ನಿಸಿಕೊಳ್ಳುತ್ತದೆ. ಎಕ್ಸ್-ರೇ ತೆಗೆಸಿದ ಮೇಲೆ 'ಏರ್ ಕ್ರ್ಯಾಕ್' ಆಗುತ್ತದೆ. ಹೇರ್‌ಲೈನ್ ಎಂಬ ಮಾತಿನ 'ಹ'ಕಾರ ದಾರಿಯಲ್ಲೆಲ್ಲೋ ಉದುರಿ, ಎಲುಬಿನೊಳಗೆ ಗಾಳಿ ಹೊಕ್ಕಿದೆ ಎಂದೇ ನಂಬಿದವರೂ ಇದ್ದಾರೆ. ಆರೆಂಟು ವಾರಕ್ಕೆ ನೋವು ಇಳಿಯುತ್ತದೆ, ಕಾಲು ಕೆಲಸಕ್ಕೆ ಮರಳುತ್ತದೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಅದೇ ಕಣಕಾಲು ಮತ್ತೆ ನೋಯತೊಡಗುತ್ತದೆ.

ಕಣಕಾಲು ಅಂದರೆ ಒಂದೇ ಎಲುಬಲ್ಲ. ಮೊಣಕಾಲಿನಿಂದ ಇಳಿದುಬರುವ ಟಿಬಿಯಾ ಮತ್ತು ಫಿಬುಲಾ ಎಂಬ ಜೋಡಿ ಎಲುಬುಗಳ ತುದಿಗಳೇ ಒಳಗೆ ಒಂದು, ಹೊರಗೆ ಒಂದು ಗಂಟಾಗಿ ಕಾಣುತ್ತವೆ. ಅವೆರಡರ ನಡುವೆ ಟೇಲಸ್ ಸಿಕ್ಕಿಸಿಟ್ಟಂತೆ ಕೂತಿದೆ. ಅದರ ಕೆಳಗೆ ಹಿಮ್ಮಡಿಯ ಕ್ಯಾಲ್ಕೇನಿಯಸ್, ಮುಂದೆ ಪಾದದ ಕಮಾನಿನ ನೆತ್ತಿಯಲ್ಲಿ ದೋಣಿಯ ಆಕಾರದ ನ್ಯಾವಿಕ್ಯುಲರ್. ಹೊರಗಂಟಿನಿಂದ ಮೂರ್ನಾಲ್ಕು ಬೆರಳು ಮೇಲೆ ಫಿಬುಲಾದಲ್ಲಿ ಬೀಳುವ ಬಿರುಕು, ಹಿಮ್ಮಡಿಯಲ್ಲಿ ಬೀಳುವ ಬಿರುಕು ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಕೂಡಿಕೊಳ್ಳುತ್ತವೆ. ಒಳಗಂಟು, ಟೇಲಸ್, ನ್ಯಾವಿಕ್ಯುಲರ್ ಹಟಮಾರಿಗಳು. ನ್ಯಾವಿಕ್ಯುಲರ್ ಎಲುಬಿನ ನಟ್ಟನಡುವೆ ರಕ್ತದ ಹರಿವು ಕಡಿಮೆ. ಅಲ್ಲಿ ಬಿರುಕಾದರೆ ಆರೆಂಟು ವಾರ ಕಾಲು ನೆಲಕ್ಕೆ ಊರದೆ ಪಟ್ಟಿಯಲ್ಲಿಡಬೇಕು, ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಆದ್ದರಿಂದ ನೋವು ಮರಳಿದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ, ಹಿಂದೆ ಬಿರುಕಾಗಿದ್ದು ಯಾವ ಎಲುಬಿಗೆ ಎಂಬುದು. ಹಳೆಯ ಫಿಲ್ಮು, ರಿಪೋರ್ಟು ಮನೆಯಲ್ಲಿದ್ದರೆ ಉತ್ತರ ಕೈಯಲ್ಲಿರುತ್ತದೆ. ಅಲಮಾರಿನ ಮೇಲೆ ಸುರುಳಿ ಸುತ್ತಿಟ್ಟು ಮರೆತ ಆ ಕರಿ ಹಾಳೆಗೆ ಎಷ್ಟು ಬೆಲೆಯಿದೆ ಎಂಬುದು ಆಗ ಗೊತ್ತಾಗುತ್ತದೆ.

ಹಂಪಿಯ ಕಲ್ಲುಕಂಬ ಸವೆದರೆ ಸವೆದ ಹಾಗೆಯೇ ಉಳಿಯುತ್ತದೆ. ಎಲುಬು ಹಾಗಲ್ಲ, ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತಿರುತ್ತದೆ. ಭಾರ ಹೆಚ್ಚಿದ ಕಡೆ ಮೊದಲು ಕೆಡವುವ ಜೀವಕೋಶಗಳು ಇಳಿಯುತ್ತವೆ, ಅವುಗಳ ಕೆಲಸ ಸುಮಾರು 3 ವಾರದ್ದು. ಹಿಂದೆಯೇ ಬರುವ ಕಟ್ಟುವ ಕೋಶಗಳಿಗೆ ಸುಮಾರು 3 ತಿಂಗಳು ಬೇಕು. ಗೋಡೆ ಉರುಳಿಸುವವರು ಚುರುಕು, ಗೌಂಡಿ ನಿಧಾನ. ಈ ನಡುವಿನ ದಿನಗಳಲ್ಲಿ ಎಲುಬು ಮೊದಲಿಗಿಂತ ಬಡವಾಗಿರುತ್ತದೆ, ಹೊಸ ಓಟಗಾರರ ಕಾಲು ಮೊದಲ ದಿನ ಸೀಳದೆ ಮೂರು ನಾಲ್ಕು ವಾರ ದಾಟಿದ ಮೇಲೆ ಸೀಳುವುದು ಇದರಿಂದಲೇ. ಆರನೇ ವಾರಕ್ಕೆ ನೋವು ನಿಂತಿತು ಅಂದರೆ ಬಿರುಕು ಬೆಸೆದುಕೊಂಡಿತು ಎಂದಷ್ಟೇ ಅರ್ಥ. ಹೊಸ ಎಲುಬು ಹದಗೊಂಡು ಗಟ್ಟಿಯಾಗಲು ಇನ್ನೂ ತಿಂಗಳುಗಳು ಹಿಡಿಯುತ್ತವೆ.

ಈ ಭಾಗದಲ್ಲಿ ಕಾಲಿನ ಮೇಲಿನ ಭಾರ ವರ್ಷವಿಡೀ ಒಂದೇ ಸಮ ಇರುವುದಿಲ್ಲ, ತೊಂದರೆಯ ಬೇರು ಅಲ್ಲೇ ಇದೆ. ಕಂಪ್ಲಿಯ ಸುತ್ತ ಕಾಲುವೆಗೆ ನೀರು ಬಿಟ್ಟದ್ದೇ ತಡ, ತಿಂಗಳುಗಟ್ಟಲೆ ಖಾಲಿಯಿದ್ದ ಕಾಲುಗಳು ದಿನಕ್ಕೆ ಏಳೆಂಟು ತಾಸು ಕೆಸರಿಗೆ ಇಳಿಯುತ್ತವೆ. ನೆಲ್ಲಿನ ನಾಟಿ ಮಾಡುವ ಹೆಂಗಸು ಸೊಂಟ ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತಾಳೆ. ಒಂದೊಂದು ಹೆಜ್ಜೆಗೂ ಕೆಸರಿನಲ್ಲಿ ಹೂತ ಪಾದವನ್ನು ಕಿತ್ತು ತೆಗೆಯಬೇಕು, ಆ ಎಳೆತವೆಲ್ಲ ಕಣಕಾಲಿನದು, ಮೀನಖಂಡದ್ದು. ಬದುವಿನ ಮೇಲೆ ನಡೆಯುವಾಗ ಪಾದ ಒಂದು ಕಡೆಗೆ ವಾಲಿರುತ್ತದೆ. ಹಂಪಿಯಲ್ಲಿ ಬೇಸಿಗೆಯ ಬಿಸಿಲಿಗೆ ಪ್ರವಾಸಿಗರು ತೆಳುವಾಗಿ, ಅಕ್ಟೋಬರ್ ಬಂದೊಡನೆ ಗೈಡುಗಳು ಹೇಮಕೂಟ ಹತ್ತಿ, ವಿರೂಪಾಕ್ಷನ ಗುಡಿಯಲ್ಲಿ ಬರಿಗಾಲಲ್ಲಿ ನಿಂತು, ಕಡ್ಡಿರಾಂಪುರದಿಂದ ವಿಜಯವಿಠ್ಠಲದವರೆಗೆ ಬಂಡೆ, ಚಪ್ಪಡಿ, ಮೆಟ್ಟಿಲುಗಳ ಮೇಲೆ ದಿನಕ್ಕೆರಡು ಸುತ್ತು ಹಾಕುತ್ತಾರೆ. ಸಂಡೂರಿನ ಕಡೆ, ದೋಣಿಮಲೈ ಗಣಿಯಿಂದ ತೋರಣಗಲ್ಲಿನ ಕಾರ್ಖಾನೆಯವರೆಗೆ, ಉಕ್ಕಿನ ಮೂತಿಯ ಸೇಫ್ಟಿ ಶೂ ತೊಟ್ಟು ಇಳಿಜಾರಿನಲ್ಲಿ, ಕಾಂಕ್ರೀಟಿನ ಮೇಲೆ ಎಂಟು ತಾಸಿನ ಪಾಳಿ. ಪೊಲೀಸ್ ನೇಮಕಾತಿಯ ಪ್ರಕಟಣೆ ಬಿದ್ದ ವಾರವೇ 1,600 ಮೀಟರ್ ಓಟಕ್ಕೆ ಹುಡುಗರು ನಸುಕಿನಲ್ಲಿ ಡಾಂಬರು ರಸ್ತೆಗಿಳಿಯುತ್ತಾರೆ. ಅದುವರೆಗೆ ಓಡಿರದವರು, ಸಾದಾ ಕ್ಯಾನ್ವಾಸ್ ಬೂಟಿನಲ್ಲಿ, ಮೊದಲ ದಿನವೇ ಪೂರಾ ದೂರ.

ಇದರ ಜತೆಗೆ ಜಾತ್ರೆಗಳು. ಕೊಟ್ಟೂರೇಶ್ವರನ ತೇರಿಗೆ ಊರೂರಿನಿಂದ ನಡೆದೇ ಬರುವ ರೂಢಿ, ಹನುಮ ಮಾಲೆ ಧರಿಸಿದವರು ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ರೂಢಿ, ಹುಣ್ಣಿಮೆಗೆ ನದಿಯಾಚೆಯ ಹುಲಿಗಿಗೆ ನಡೆಯುವ ರೂಢಿ. ಹಳೇ ನೋವು ಹುಣ್ಣಿಮೆ, ಅಮಾವಾಸ್ಯೆಗೆ ಹೆಚ್ಚುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಹುಣ್ಣಿಮೆಯ ಮರುದಿನ ಕಣಕಾಲು ನಿಜಕ್ಕೂ ನೊಂದಿರಬಹುದು. ಹುಲಿಗೆಮ್ಮನ ಗುಡಿಗೆ ಬರಿಗಾಲಲ್ಲಿ ನಡೆದು, ದರ್ಶನದ ಸಾಲಿನಲ್ಲಿ ತಾಸುಗಟ್ಟಲೆ ನಿಂತು ಬಂದದ್ದನ್ನು ಬಿಟ್ಟು ಚಂದ್ರನನ್ನು ದೂರುವುದು ನ್ಯಾಯವಲ್ಲ, ಅಷ್ಟೆ.

ಮರಳಿದ ನೋವಿಗೆಲ್ಲ ಹಳೇ ಬಿರುಕೇ ಕಾರಣವೆಂದು ಹೇಳುವಂತಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಎಲುಬು ಕೂಡಿಕೊಂಡೇ ಇರುತ್ತದೆ. ಪಟ್ಟಿಯಲ್ಲಿದ್ದ ವಾರಗಳಲ್ಲಿ ಕೀಲು ಬಿಗಿದುಕೊಂಡಿರುತ್ತದೆ, ಮೀನಖಂಡ ಕರಗಿರುತ್ತದೆ, ಅವೆರಡನ್ನೂ ಯಾರೂ ಸರಿಪಡಿಸಿರುವುದಿಲ್ಲ. ನಡೆಯುವಾಗ ಕಣಕಾಲಿನ ಕೀಲಿನ ಮೇಲೆ ಮೈತೂಕದ ನಾಲ್ಕೈದು ಪಟ್ಟು ಒತ್ತಡ ಬೀಳುತ್ತದೆ, ಓಡುವಾಗ ಅದರ ಎರಡರಷ್ಟು. ಅದನ್ನು ತಡೆದುಕೊಳ್ಳಬೇಕಾದ ಸ್ನಾಯು ಸೋತಾಗ ಭಾರ ನೇರ ಎಲುಬಿಗೂ ಮೃದ್ವಸ್ಥಿಗೂ ಸ್ನಾಯುರಜ್ಜುಗಳಿಗೂ ಹೋಗುತ್ತದೆ. ಹೊರಗಂಟಿನ ಹಿಂದೆ ಹಾದುಹೋಗುವ ಪೆರೋನಿಯಲ್ ರಜ್ಜು, ಒಳಗಂಟಿನ ಹಿಂದಿನ ಟಿಬಿಯಾಲಿಸ್ ರಜ್ಜು ಉರಿಯೂತದಿಂದ ನೋಯುತ್ತವೆ. ಹಿಂದೆ ಕಾಲು ಹೊರಳಿದ್ದರೆ ಅಸ್ಥಿಬಂಧಗಳು ಸಡಿಲವಾಗಿ ಕೀಲು ಪದೇ ಪದೇ ವಾಲುತ್ತದೆ. ಟೇಲಸ್ಸಿನ ಮೇಲಿನ ಮೃದ್ವಸ್ಥಿಗೆ ಪೆಟ್ಟಾಗಿದ್ದರೆ ಒಳಗೆಲ್ಲೋ ಆಳದಲ್ಲಿ ನೋವು, ಕೆಲವೊಮ್ಮೆ ಕೀಲು ಸಿಕ್ಕಿಕೊಂಡ ಹಾಗೆ. ಬಿರುಕು ಪೂರ್ತಿ ಕೂಡದೆ ಉಳಿದಿರುವುದು, ಅದೇ ಜಾಗ ಮತ್ತೆ ಸೀಳಿರುವುದು ಇವುಗಳಿಗಿಂತ ಅಪರೂಪ. ಆದರೂ ಮೊದಲು ತಳ್ಳಿಹಾಕಬೇಕಾದದ್ದು ಇದನ್ನೇ.

ಇದಕ್ಕೆ ಮನೆಯಲ್ಲೇ ಸಿಗುವ ಒಂದು ಸುಳಿವು ಬೆರಳಿನದು. ಎಲ್ಲಿ ನೋವು ಎಂದು ಕೇಳಿದಾಗ ಕೈಯಗಲದ ಜಾಗವನ್ನು ಸವರಿ ತೋರಿಸುವವರ ನೋವು ಬಹುಮಟ್ಟಿಗೆ ಸ್ನಾಯು, ರಜ್ಜು, ಕೀಲಿನದು. ಒಂದೇ ಬೆರಳಿನ ತುದಿಯನ್ನು ಎಲುಬಿನ ಒಂದೇ ಚುಕ್ಕೆಯ ಮೇಲೆ ಇಟ್ಟು 'ಇಲ್ಲೇ' ಎಂದರೆ, ಒತ್ತಿದಾಗ ಹೌಹಾರಿದರೆ, ಎಲುಬಿನ ಕಡೆ ಅನುಮಾನ ತಿರುಗಬೇಕು. ಹಿಮ್ಮಡಿಯ ಬಿರುಕಾದರೆ ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದಾಗ ನೋಯುತ್ತದೆ. ರಜ್ಜುವಿನ ನೋವು ಬೆಳಗ್ಗೆ ಮೊದಲ ಹೆಜ್ಜೆಗಳಲ್ಲಿ ಚುಚ್ಚಿ, ನಡೆದ ಹಾಗೆ ಬಿಟ್ಟುಕೊಳ್ಳುತ್ತದೆ. ಎಲುಬಿನ ನೋವು ನಡೆದ ಹಾಗೆ ಏರುತ್ತದೆ, ಮುಂದುವರಿದರೆ ಹಾಸಿಗೆಯಲ್ಲೂ ಬಿಡುವುದಿಲ್ಲ. ಗೊತ್ತಾಗಲಿ ಎಂದು ಒಂಟಿಗಾಲಲ್ಲಿ ಕುಪ್ಪಳಿಸಿ ನೋಡುವವರಿದ್ದಾರೆ. ಅರ್ಧ ಬಿರುಕನ್ನು ಪೂರ್ತಿ ಮಾಡಿಕೊಳ್ಳಲು ಅದೂ ಒಂದು ದಾರಿ.

ಒಂದೇ ಚುಕ್ಕೆಯ ಎಲುಬುನೋವು, ರಾತ್ರಿಯ ನೋವು, ನಾಲ್ಕು ಹೆಜ್ಜೆಯೂ ಊರಲಾಗದಿರುವುದು, ಜ್ವರದೊಂದಿಗೆ ಕೆಂಪಾಗಿ ಊದುವುದು, ಮೀನಖಂಡವೇ ಊದಿ ಬಿಗಿಯುವುದು, ಪಾದ ಜೋಮು ಹಿಡಿಯುವುದು ಕಂಡರೆ ಮನೆಮದ್ದಿಗೆ ಕಾಯದೆ ಮೂಳೆ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹ ಇರುವವರಿಗೆ ಇನ್ನೊಂದು ಎಚ್ಚರ: ಪಾದ ಬಿಸಿಯಾಗಿ, ಕೆಂಪಾಗಿ ಊದಿದ್ದೂ ನೋವು ಅಷ್ಟಾಗಿ ಇಲ್ಲದಿದ್ದರೆ ಅದು ಶಾರ್ಕೋ ಪಾದ ಆಗಿರಬಹುದು. ನರಗಳು ಸತ್ತ ಪಾದದಲ್ಲಿ ಎಲುಬುಗಳು ಸದ್ದಿಲ್ಲದೆ ಪುಡಿಯಾಗುವ ಸ್ಥಿತಿ ಅದು. ನೋವಿಲ್ಲವಲ್ಲ ಎಂದು ಅದರ ಮೇಲೆ ನಡೆದವರು ಪಾದದ ಆಕಾರವನ್ನೇ ಕಳೆದುಕೊಳ್ಳುತ್ತಾರೆ.

ಎಕ್ಸ್-ರೇಯಲ್ಲಿ ಏನೂ ಇಲ್ಲ ಅಂದರೆ ಏನೂ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಹೊಸ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಗೆ ಕಾಣುವುದೇ ಅಪರೂಪ, ಹೊಸ ಎಲುಬಿನ ಪದರ ಬೆಳೆಯತೊಡಗಿದ ಮೇಲಷ್ಟೇ ಬೆಳ್ಳಗೆ ಗೆರೆ ಮೂಡುತ್ತದೆ. ನ್ಯಾವಿಕ್ಯುಲರ್, ಟೇಲಸ್ಸಿನ ಬಿರುಕು ಆಮೇಲೂ ತಪ್ಪಿಸಿಕೊಳ್ಳಬಹುದು. ಎಂಆರ್‌ಐ ಎಲುಬಿನೊಳಗಿನ ಊತವನ್ನು ಬಿರುಕಿಗೂ ಮೊದಲೇ ತೋರಿಸುತ್ತದೆ, ರಜ್ಜು ಮತ್ತು ಮೃದ್ವಸ್ಥಿಯನ್ನೂ ತೋರಿಸುತ್ತದೆ. ಹಳೇ ಬಿರುಕು ಕೂಡಿದೆಯೇ ಇಲ್ಲವೇ ಎಂದು ನೋಡಲು ಸಿಟಿ ಸ್ಕ್ಯಾನ್ ಮೇಲು. ಪ್ರತಿಯೊಬ್ಬರಿಗೂ ಸ್ಕ್ಯಾನ್ ಬೇಕಿಲ್ಲ. ಒಳಗಂಟು, ಪಾದದ ಮೇಲ್ಭಾಗ, ಕೀಲಿನ ಆಳ ಈ ಮೂರು ಕಡೆಯ ನೋವಿಗೆ ಮಾತ್ರ ಖರ್ಚಿಗೆ ಹಿಂಜರಿಯಬಾರದು.

ಎಲುಬು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಉಳಿಯುವ ಕೆಲಸ ಬಿಗಿದ ಕೀಲು, ಸೋತ ಸ್ನಾಯುಗಳದ್ದು. ಬಿಗಿತ ಎಷ್ಟಿದೆ ಎಂದು ಅಳೆಯಲು ಒಂದು ಗೋಡೆ, ಒಂದು ಸ್ಕೇಲು ಸಾಕು. ಗೋಡೆಗೆ ಎದುರಾಗಿ ನಿಂತು, ಪಾದವನ್ನು ನೇರವಾಗಿಟ್ಟು, ಹಿಮ್ಮಡಿ ನೆಲಬಿಡದ ಹಾಗೆ ಮೊಣಕಾಲನ್ನು ಮುಂದಕ್ಕೆ ಬಾಗಿಸಿ ಗೋಡೆಗೆ ಮುಟ್ಟಿಸಬೇಕು. ಮುಟ್ಟಿದರೆ ಪಾದವನ್ನು ಒಂದು ಬೆರಳು ಹಿಂದಕ್ಕೆ ಸರಿಸಿ ಮತ್ತೆ. ಹಿಮ್ಮಡಿ ಕದಲದೆ ಮೊಣಕಾಲು ಮುಟ್ಟುವ ಕೊನೆಯ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಎಂದು ಸ್ಕೇಲು ಇಟ್ಟು ನೋಡುವುದು. ಬಹಳಷ್ಟು ಜನರಿಗೆ ಇದು ಹತ್ತರ ಆಸುಪಾಸು. ನೋಡಬೇಕಾದದ್ದು ಆ ಅಂಕಿಗಿಂತ ಎರಡು ಕಾಲುಗಳ ನಡುವಿನ ವ್ಯತ್ಯಾಸವನ್ನು. ಸರಿಯಿರುವ ಕಾಲು 11, ನೋಯುವ ಕಾಲು 6 ಅಂದರೆ ಕೀಲು ಇನ್ನೂ ಪಟ್ಟಿಯೊಳಗೇ ಇದೆ ಎಂದ ಹಾಗೆ. ಸಮತಟ್ಟಿನಲ್ಲಿ ನಡೆಯಲು ಪಾದ ಮೇಲಕ್ಕೆ 10 ಡಿಗ್ರಿಯಷ್ಟು ಬಾಗಿದರೆ ಸಾಕಾಗುತ್ತದೆ. ಮೆಟ್ಟಿಲು ಇಳಿಯಲು ಅದರ ಎರಡರಷ್ಟಾದರೂ ಬೇಕು, ಕುಕ್ಕರಗಾಲಲ್ಲಿ ಕೂರಲು ಇನ್ನೂ ಹೆಚ್ಚು. ಪೇಟೆಯ ಬೀದಿಯಲ್ಲಿ ಸರಾಗ ನಡೆಯುವ ಕಾಲು ಮಾತಂಗ ಪರ್ವತದ ಕಲ್ಲುಮೆಟ್ಟಿಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಹಿಡಿದುಕೊಳ್ಳುವುದು ಇದಕ್ಕೇ. ಅಳತೆಗೆ ಬಳಸಿದ ಭಂಗಿಯೇ ವ್ಯಾಯಾಮವೂ ಹೌದು: ದಿನಕ್ಕೆರಡು ಸಲ, ಸಲಕ್ಕೆ ಹತ್ತು ಹದಿನೈದು ಬಾರಿ, ಮೊಣಕಾಲನ್ನು ಗೋಡೆಗೆ ನಿಧಾನ ತಾಗಿಸುವುದು.

ಸ್ನಾಯುವಿನ ಬಲ ನೋಡಲು ಕೈಯನ್ನು ಗೋಡೆಗೆ ತಾಗಿಸಿಟ್ಟು ಒಂಟಿಗಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಬೇಕು. ಆರೋಗ್ಯವಂತ ವಯಸ್ಕರು ಇಪ್ಪತ್ತರ ಮೇಲೆ ಎತ್ತುತ್ತಾರೆ. ನೋಯುವ ಕಾಲು ಎಂಟಕ್ಕೇ ನಡುಗತೊಡಗಿದರೆ ಕೊರತೆ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಮೊದಲು ಎರಡೂ ಕಾಲಲ್ಲಿ, ಮೂರು ಎಣಿಸುತ್ತ ಏರಿ ಮೂರು ಎಣಿಸುತ್ತ ಇಳಿದು, ಸುಲಭವೆನಿಸಿದ ಮೇಲೆ ಒಂಟಿಗಾಲಲ್ಲಿ, ಆಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡು. ಮೊಣಕಾಲು ನೇರವಿಟ್ಟು ಒಂದು ಸರದಿ, ಸ್ವಲ್ಪ ಬಾಗಿಸಿ ಇನ್ನೊಂದು ಸರದಿ ಮಾಡಬೇಕು, ಏಕೆಂದರೆ ಮೀನಖಂಡದ ಒಳಪದರವಾದ ಸೋಲಿಯಸ್ ಬಾಗಿದ ಮೊಣಕಾಲಿನಲ್ಲೇ ಹೆಚ್ಚು ದುಡಿಯುತ್ತದೆ. ಟಿಬಿಯಾವನ್ನು ಕಾಯುವುದರಲ್ಲಿ ಅದರ ಪಾಲು ದೊಡ್ಡದು. ವಾರಕ್ಕೆ ಮೂರು ದಿನ, ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಫಲ ಕಾಣುತ್ತದೆ. ಹದಿನೈದು ದಿನಕ್ಕೇ 'ಏನೂ ಆಗಲಿಲ್ಲ' ಎಂದು ಬಿಡುವವರು ಹೆಚ್ಚು, ಫಿಸಿಯೋಥೆರಪಿಗೆ ಕೆಟ್ಟ ಹೆಸರು ಬಂದಿರುವುದರಲ್ಲಿ ಇದರ ಪಾಲೂ ಇದೆ. ಹಲ್ಲುಜ್ಜುವಾಗ ಒಂಟಿಗಾಲಲ್ಲಿ ಅರ್ಧ ನಿಮಿಷ ನಿಲ್ಲುವುದು ಸಮತೋಲದ ತಾಲೀಮು. ಅದು ಕೈವಶವಾದ ಮೇಲೆ ಕಣ್ಣುಮುಚ್ಚಿ ನಿಲ್ಲಬಹುದು. ಹೊರಳಿದ ಕಾಲು ಮತ್ತೆ ಹೊರಳದಂತೆ ತಡೆಯುವುದರಲ್ಲಿ ಇದರ ಉಪಯೋಗ ಚೆನ್ನಾಗಿ ಸಾಬೀತಾಗಿದೆ.

ನೋವು ಎದ್ದ ಮೊದಲ ವಾರ ಮಾತ್ರ ಇಷ್ಟೆಲ್ಲ ಬೇಡ. ಓಟ, ಬೆಟ್ಟ, ಕೆಸರುಗೆಲಸ ನಿಲ್ಲಿಸಿ ಮನೆಯೊಳಗಿನ ಓಡಾಟ ಉಳಿಸಿಕೊಂಡರೆ ಆಯಿತು, ಮಂಚ ಹಿಡಿಯುವ ಅಗತ್ಯವಿಲ್ಲ. ಕುಂಟದೆ ನಡೆಯಲಾಗದಿದ್ದರೆ ಊರುಗೋಲು ಹಿಡಿಯುವುದು ಮೇಲು, ಕುಂಟುವ ನಡಿಗೆ ಇನ್ನೊಂದು ಕಾಲಿನ ಮೊಣಕಾಲಿಗೂ ಸೊಂಟಕ್ಕೂ ಹೊಸ ತಕರಾರು ತರುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಇಳಿಯುತ್ತದೆ, ಎಲುಬು ಅದರಿಂದ ಕೂಡುವುದಿಲ್ಲ.

ಆಮೇಲಿನ ಲೆಕ್ಕ ಭಾರದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ದಿನಕ್ಕೆ ಎರಡು ಅಂಕಿ ಬರೆದರೆ ಸಾಕು: ಆ ದಿನ ಕಾಲಿನ ಮೇಲೆ ಕಳೆದ ತಾಸು ಎಷ್ಟು, ಮರುದಿನ ಬೆಳಗ್ಗೆ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ತಿಂಗಳು ಕಳೆದ ಮೇಲೆ ನೋಡಿದರೆ ನೋವಿನ ದಿನಗಳ ಹಿಂದೆ ಎರಡು ಮೂರು ದಿನದ ಅಂತರದಲ್ಲಿ ಒಂದು ಮದುವೆಯೋ, ನಾಟಿಯೋ, ಡಬಲ್ ಪಾಳಿಯೋ ಇರುತ್ತದೆ. ರಜ್ಜು, ಸ್ನಾಯುಗಳ ನೋವಾದರೆ ಕೆಲಸದ ಹೊತ್ತಿನಲ್ಲಿ ಎರಡು ಮೂರು ಅಂಕದವರೆಗೆ ಇದ್ದು ಮರುದಿನ ಬೆಳಗ್ಗೆಗೆ ಮೊದಲಿನಂತಾದರೆ ಅಡ್ಡಿಯಿಲ್ಲ. ಎಲುಬಿನ ಚುಕ್ಕೆಯ ನೋವಿಗೆ ಆ ರಿಯಾಯಿತಿ ಇಲ್ಲ, ಒಂದು ಅಂಕ ಬಂದರೂ ನಿಲ್ಲಿಸಬೇಕು. ಭಾರವನ್ನು ಒಂದೇ ಹೊತ್ತಿನಲ್ಲಿ ಹೊರುವುದಕ್ಕಿಂತ ಹಂಚಿ ಹೊರುವುದು ಎಲುಬಿಗೆ ಹಿತ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ಸತತ ಏಟು ಬಿದ್ದಾಗ ಎಲುಬಿನ ಕೋಶಗಳು ಸ್ವಲ್ಪ ಹೊತ್ತಿಗೇ ಅದಕ್ಕೆ ಕಿವುಡಾಗುತ್ತವೆ. ಹೊಸ ಎಲುಬು ಕಟ್ಟುವ ಸೂಚನೆಯನ್ನು ಮತ್ತೆ ಕೇಳಿಸಿಕೊಳ್ಳಲು ಅವುಗಳಿಗೆ ಕೆಲವು ತಾಸುಗಳ ಬಿಡುವು ಬೇಕು. ಒಂದು ತಾಸು ನಡೆಯುವವರು ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡಿಕೊಳ್ಳಬಹುದು. ನಾಟಿಯ ಗುಂಪಿನಲ್ಲಿ ಹಾಗೆ ಹೇಳಿಕೊಳ್ಳುವ ಸವಲತ್ತು ಯಾರಿಗೂ ಇರುವುದಿಲ್ಲ. ಎಕರೆ ಲೆಕ್ಕದ ಗುತ್ತಿಗೆಯಲ್ಲಿ ಒಬ್ಬಳು ಕೂತರೆ ಉಳಿದವರ ಕೂಲಿಗೆ ಹೊಡೆತ. ಅಂಥವರಿಗೆ ಸಾಧ್ಯವಿರುವುದು ಹಂಗಾಮಿಗೆ ಒಂದು ತಿಂಗಳು ಮೊದಲೇ ನಡಿಗೆ, ಹಿಮ್ಮಡಿ ಎತ್ತುವ ಅಭ್ಯಾಸ ಶುರುಮಾಡಿ ಕಾಲನ್ನು ಅಣಿಗೊಳಿಸುವುದು, ಮತ್ತು ಮೊದಲ ವಾರ ಸಸಿ ಕಿತ್ತು ಕಟ್ಟುವ ಕೆಲಸದ ಪಾಳಿ ಕೇಳಿ ಪಡೆಯುವುದು.

ಊಟದ ವಿಷಯದಲ್ಲಿ ಹಳೇ ಮೈಸೂರಿನ ಕಡೆಯ ಸಲಹೆಯನ್ನು ಇಲ್ಲಿ ಹಾಗೇ ಹೇಳಿದರೆ ನಡೆಯುವುದಿಲ್ಲ. ಅಲ್ಲಿ ರಾಗಿ ಮುದ್ದೆ ಇದೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಇಲ್ಲಿಯದು ಜೋಳದ ರೊಟ್ಟಿ, ಅನ್ನ, ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಜೋಳದಲ್ಲಿ ಕ್ಯಾಲ್ಸಿಯಂ ರಾಗಿಯ ಹತ್ತರಲ್ಲೊಂದು ಪಾಲೂ ಇಲ್ಲ, ಮಂಡಕ್ಕಿಯ ಮಾತು ಬೇಡವೇ ಬೇಡ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಅರ್ಧ ಲೀಟರು ಹಾಲು, ಮೊಸರಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಬರುತ್ತದೆ. ಉಳಿದದ್ದಕ್ಕೆ ರೊಟ್ಟಿಯ ಪಕ್ಕದಲ್ಲೇ ಇರುವ ಗುರೆಳ್ಳು ಪುಡಿ, ಎಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ ಇವೆ, ತಟ್ಟೆಯ ಅಂಚಿನಲ್ಲಿ ಚಿಟಿಕೆಯಷ್ಟು ಬಡಿಸುವುದನ್ನು ಬಿಟ್ಟು ಕೈತುಂಬ ಬಡಿಸಬೇಕು. ಅಮೆರಿಕದ ನೌಕಾಪಡೆಗೆ ಹೊಸದಾಗಿ ಸೇರಿದ ಐದು ಸಾವಿರಕ್ಕೂ ಹೆಚ್ಚು ಯುವತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದವರಲ್ಲಿ ಈ ಬಿರುಕುಗಳು ಶೇ 20ರಷ್ಟು ಕಡಿಮೆಯಾಗಿದ್ದವು. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ವಿಟಮಿನ್ ಡಿ ಕೊರತೆ ಬರುವುದು ಹೇಗೆ ಎಂದು ಕೇಳುವವರಿಗೆ ಉತ್ತರ ಆ ಬಿಸಿಲೇ: ಅದಕ್ಕೆ ಹೆದರಿ ಜನ ನೆರಳು ಹಿಡಿಯುತ್ತಾರೆ, ಹೊರಬಂದರೂ ತುಂಬುತೋಳು, ತಲೆಗೆ ಬಟ್ಟೆ. ರಕ್ತಪರೀಕ್ಷೆ ಮಾಡಿಸಿ ಕೊರತೆಯಿದ್ದರೆ ತುಂಬಿಕೊಳ್ಳಬೇಕು. 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ಯಾರನ್ನೂ ಕೇಳದೆಯೇ ವರ್ಷಗಟ್ಟಲೆ ನುಂಗುವುದೂ ತಪ್ಪೇ.

ಓಡುವ ಹುಡುಗಿಯರಲ್ಲಿ ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನು ಕಣಕಾಲಿನ ನೋವಿನ ಜತೆಗೇ ವೈದ್ಯರಿಗೆ ಹೇಳಬೇಕು. ತಿಂದದ್ದು ದುಡಿತಕ್ಕೆ ಸಾಲದಾದಾಗ ದೇಹ ಮೊದಲು ಖರ್ಚು ಕಡಿತ ಮಾಡುವುದು ಅಲ್ಲಿ ಮತ್ತು ಎಲುಬಿನಲ್ಲಿ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಲುಬಿನ ವಿಚಾರದಲ್ಲಿ ಈ ಸೀಮೆಗೆ ಇನ್ನೊಂದು ಶತ್ರು ನೀರಿನಲ್ಲಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದ ಎಲುಬು ಎಕ್ಸ್-ರೇಯಲ್ಲಿ ದಟ್ಟವಾಗಿ, ಗಟ್ಟಿಯಾಗಿ ಕಾಣುತ್ತದೆ, ಒಳಗೆ ಪೆಡಸಾಗಿರುತ್ತದೆ. ಎಲುಬು ಸವೆತಕ್ಕೆ ಫ್ಲೋರೈಡನ್ನೇ ಔಷಧಿಯಾಗಿ ಕೊಟ್ಟು ನೋಡಿದ ಕಾಲವೊಂದಿತ್ತು. ಆಗ ಕೆಲವರಿಗೆ ಕಣಕಾಲು, ಹಿಮ್ಮಡಿಯ ಸುತ್ತಲೇ ದಣಿವಿನ ಬಿರುಕುಗಳು ಕಾಣಿಸಿಕೊಂಡವು. ಹಲ್ಲಿನ ಮೇಲೆ ಕಂದು ಪಟ್ಟೆ, ಬೆನ್ನು ಕುತ್ತಿಗೆ ಬಿಗಿತ ಜತೆಗಿದ್ದವರಿಗೆ ಕಣಕಾಲು ಪದೇ ಪದೇ ನೊಂದರೆ ಅವರ ಮನೆಯ ನೀರನ್ನು ಪರೀಕ್ಷೆಗೆ ಕಳಿಸುವುದು ಇನ್ನೊಂದು ಎಕ್ಸ್-ರೇಗಿಂತ ಉಪಯುಕ್ತ.

ಉಳುಕು ತೆಗೆಯುವವರ ಕೈಗೆ ಕಾಲು ಕೊಡುವ ಮುನ್ನ ಯೋಚಿಸಬೇಕು. ಎಣ್ಣೆ ಹಚ್ಚಿ ಮೀನಖಂಡ ನೀವಿದರೆ ಬಿಗಿತ ಸಡಿಲುವುದು ನಿಜ. ಕೂಡುತ್ತಿರುವ ಬಿರುಕಿನ ಮೇಲೆ ಹೆಬ್ಬೆರಳಿಟ್ಟು ಒತ್ತುವುದು, ಪಾದ ಹಿಡಿದು ತಿರುಚುವುದು ಬೇರೆ ಮಾತು. ಪುತ್ತೂರು ಕಟ್ಟು ಹಾಕಿಸಿಕೊಂಡು ವಾರಗಟ್ಟಲೆ ಕೀಲು ಬಿಗಿಸಿಕೊಂಡವರ ಕಾಲು ಮುಂದೆ ಗೋಡೆಯ ಪರೀಕ್ಷೆಯಲ್ಲಿ ಸೋಲುತ್ತದೆ. ಮೆಡಿಕಲ್ ಶಾಪಿನ ನೋವಿನ ಗುಳಿಗೆಗಳಿಗೆ ಹೊಟ್ಟೆ, ಮೂತ್ರಪಿಂಡಗಳು ಬೆಲೆ ತೆರುತ್ತವೆ. ಅದಕ್ಕಿಂತ ಹೆಚ್ಚಾಗಿ, ನಿಲ್ಲು ಎಂದು ಹೇಳಬೇಕಾದ ನೋವನ್ನೇ ಅವು ಮಲಗಿಸುತ್ತವೆ. ಗುಳಿಗೆ ನುಂಗಿ ನಾಟಿಗಿಳಿದ ದಿನ, ಓಟದ ಪರೀಕ್ಷೆಗಿಳಿದ ದಿನ ಅರೆಬಿರುಕು ಪೂರ್ಣಬಿರುಕಾಗುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು, ಅದು ಎಲುಬನ್ನೇ ತಿನ್ನುತ್ತದೆ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ.

ಓಟಕ್ಕೆ ಮರಳುವವರು ಮೊದಲು ಅರ್ಧ ತಾಸು ಬಿರುಸಾಗಿ ನಡೆದು, ಆ ದಿನವೂ ಮರುದಿನವೂ ನೋವಿಲ್ಲದಿರುವುದನ್ನು ಒಂದೆರಡು ವಾರ ಕಂಡುಕೊಳ್ಳಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮೊದಲು ಹೊತ್ತು ಹೆಚ್ಚಬೇಕು, ವೇಗ ಕೊನೆಗೆ. ಕಾಲುವೆ ಏರಿಯ ಮಣ್ಣುದಾರಿ ಡಾಂಬರಿಗಿಂತ ವಾಸಿ, ಆದರೆ ಅದು ಒಂದು ಪಕ್ಕಕ್ಕೆ ಇಳಿಜಾರಾಗಿದ್ದರೆ ಹೋಗುವಾಗ ಬರುವಾಗ ಬದಿ ಬದಲಿಸಬೇಕು. ಹೆಜ್ಜೆ ಚಿಕ್ಕದು ಮಾಡಿ ನಿಮಿಷಕ್ಕೆ ಹೆಜ್ಜೆಗಳ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಏರಿಸಿದರೆ ಪ್ರತಿ ಹೆಜ್ಜೆಯ ಏಟು ತಗ್ಗುತ್ತದೆ. ಇದೆಲ್ಲ ಎಷ್ಟು ನಿಧಾನದ ಕೆಲಸ ಎಂಬುದಕ್ಕೆ ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು ಉದಾಹರಣೆ. 2015ರಲ್ಲೇ ಎಡಪಾದದ ಸ್ಟ್ರೆಸ್ ಫ್ರ್ಯಾಕ್ಚರ್ ಅನುಭವಿಸಿದ್ದ ಅವರು 2022ರ ಆಗಸ್ಟ್ 8ರಂದು ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಫೈನಲ್ಲನ್ನು ಪಟ್ಟಿ ಸುತ್ತಿದ ಎಡಗಾಲಿನಲ್ಲಿ ಆಡಿ ಚಿನ್ನ ಗೆದ್ದರು. ಅದೂ ಸ್ಟ್ರೆಸ್ ಫ್ರ್ಯಾಕ್ಚರ್ ಎಂದು ಆಮೇಲೆ ತಿಳಿಯಿತು. ಅದೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು, ಅಂಗಳಕ್ಕೆ ಮರಳಿದ್ದು 2023ರ ಜನವರಿಯಲ್ಲಿ, ಮಲೇಷ್ಯಾ ಓಪನ್‌ನ ಮೊದಲ ಸುತ್ತಿನಲ್ಲೇ ಸೋತರು. ಫಿಸಿಯೋ, ವೈದ್ಯರು, ತರಬೇತುದಾರರು ದಿನವೂ ಜತೆಗಿದ್ದ ಕಾಲಿಗೇ ಐದು ತಿಂಗಳು ಹಿಡಿಯಿತು. ಸಂಡೂರು ತಾಲ್ಲೂಕಿನ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕ್ರೀಡಾಪಟುಗಳಿಗೆ ಅಂಥ ಬೆಂಬಲ ಇದೆ. ಅಲ್ಲಿಂದ ಕೆಲವೇ ಮೈಲಿ ಆಚೆ ರಸ್ತೆಯಲ್ಲಿ ಓಡುವ ಹುಡುಗನಿಗೆ ಇರುವುದು ನೇಮಕಾತಿಯ ಕೊನೆಯ ದಿನಾಂಕ ಒಂದೇ.

ಮೆಟ್ಟಿಲಿನ ವಿಷಯದಲ್ಲಿ ಕ್ರಮ ಹೀಗೆ: ಹತ್ತುವುದನ್ನು ಮೊದಲು ರೂಢಿ ಮಾಡಿಕೊಂಡು ಇಳಿಯುವುದನ್ನು ಆಮೇಲೆ. ಇಳಿಯುವಾಗ ಹಿಂದೆ ಉಳಿಯುವ ಕಾಲಿನ ಕಣಕಾಲೇ ಪೂರ್ತಿ ಬಾಗಿ ಮೈಭಾರ ಹಿಡಿದಿಡುವುದರಿಂದ, ನೋಯುವ ಪಾದವನ್ನು ಮುಂದಿಟ್ಟು ಒಂದೊಂದೇ ಮೆಟ್ಟಿಲು ಇಳಿಯಬೇಕು, ಕಂಬಿಯಿದ್ದರೆ ಹಿಡಿಯಬೇಕು. ಹಂಪಿಯಲ್ಲಿ ಪೂಜೆ ನಡೆಯುವ ಗುಡಿಗಳ ಒಳಗೆ ಬರಿಗಾಲು ತಪ್ಪದು. ಹೊರಗಿನ ಬಂಡೆಗಳ ಮೇಲೆ ಹವಾಯಿ ಚಪ್ಪಲಿ ಬರಿಗಾಲಿಗಿಂತ ಕಡೆ, ಪಾದ ಅದರೊಳಗೇ ಜಾರುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಆಗಬಹುದು. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ಗೈಡುಗಳು ಅದರಲ್ಲಿ ಒಂದು ಸುತ್ತು ಉಳಿಸಿಕೊಂಡರೆ ತಿಂಗಳಿಗೆ ಎಷ್ಟೋ ಕಿಲೋಮೀಟರ್ ಉಳಿಯುತ್ತದೆ. ಸೇಫ್ಟಿ ಶೂ ಮೇಲೆ ಗಟ್ಟಿಯಾಗೇ ಇದ್ದರೂ ಒಳಗಿನ ಮೆತ್ತೆ ಬೇಗ ಚಪ್ಪಟೆಯಾಗುತ್ತದೆ. ಮೆತ್ತೆಯನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಹಿಮ್ಮಡಿಯ ಜಾಗದಲ್ಲಿ ಒಂದು ಕಡೆ ಮಾತ್ರ ಕಾಗದದಷ್ಟು ತೆಳುವಾಗಿದ್ದರೆ ಆ ಕಾಲು ಅಷ್ಟೂ ದಿನ ವಾಲಿಕೊಂಡೇ ನಿಂತಿತ್ತು ಎಂದು ಅರ್ಥ, ಮೆತ್ತೆ ಬದಲಿಸುವುದರ ಜತೆಗೆ ಆ ವಾಲನ್ನೂ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು, ಹಳೇ ಮೆತ್ತೆಯನ್ನೂ ಜತೆಗೆ ಒಯ್ದು.